ಸೌಂದರ್ಯ ಚಿಕಿತ್ಸಾಲಯಗಳ ಜಾಹೀರಾತು: ಕಾನೂನು ಏನು ಹೇಳುತ್ತದೆ?

ಮದುವೆಯ ಮಾಸಗಳು ಸಮೀಪಿಸಿದಂತೆ ನಗರಗಳ ಪತ್ರಿಕಾ ಪುರವಣಿಗಳಲ್ಲಿ, ರಸ್ತೆಬದಿಯ ಫಲಕಗಳಲ್ಲಿ, ಮೊಬೈಲ್ ಪರದೆಗಳಲ್ಲಿ ಒಂದೇ ಬಗೆಯ ಜಾಹೀರಾತುಗಳು ಕಾಣಿಸಿಕೊಳ್ಳತೊಡಗುತ್ತವೆ. ಹಣೆಯ ನೆರಿಗೆ ಅಳಿಸುವ ಚುಚ್ಚುಮದ್ದು, ಮೈಬಣ್ಣ ತಿಳಿಯಾಗಿಸುವ ಡ್ರಿಪ್, ಬೊಜ್ಜು ಕರಗಿಸುವ ಇಂಜೆಕ್ಷನ್, ಉದುರಿದ ಕೂದಲನ್ನು ಮರಳಿ ಬೆಳೆಸುವ ಚಿಕಿತ್ಸೆ. ಅವುಗಳ ಜೊತೆಗೆ 'ಮೊದಲು' ಮತ್ತು 'ನಂತರ' ಎಂಬ ಎರಡು ಛಾಯಾಚಿತ್ರಗಳು, ಬಿಳಿ ಕೋಟು ತೊಟ್ಟ ವೈದ್ಯರ ನಗುಮೊಗ, ತಿಂಗಳ ಕೊನೆಯವರೆಗೆ ಮಾತ್ರ ರಿಯಾಯಿತಿ, ಗೆಳತಿಯನ್ನು ಕರೆತಂದರೆ ಇನ್ನಷ್ಟು ರಿಯಾಯಿತಿ. ಎಲ್ಲಕ್ಕೂ ಕೆಳಗೆ ಒಂದು ನಕ್ಷತ್ರ ಚಿಹ್ನೆ ಹಾಗೂ ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರಗಳ ಇಂಗ್ಲಿಷ್ ವಾಕ್ಯ.

ಇವುಗಳಲ್ಲಿ ಬಹುಪಾಲು ಚಿಕಿತ್ಸೆಗಳು ಸಾಬೂನು, ಪೌಡರ್‌ಗಳಂತೆ ಅಂಗಡಿಯಿಂದ ಕೊಂಡು ತರಬಹುದಾದ ವಸ್ತುಗಳಲ್ಲ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಗಳನ್ನು ಬಳಸಿ ನಡೆಸುವ ಚಿಕಿತ್ಸೆಗಳು ಅವು. ಹಾಗಾದರೆ ಅಂತಹ ಚಿಕಿತ್ಸೆಯನ್ನು ಸೀರೆ, ಮಿಕ್ಸಿಗಳಂತೆ ಜಾಹೀರಾತು ಮಾಡಬಹುದೇ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಒಂದೇ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ. ಔಷಧಕ್ಕೆ ಒಂದು ಕಾನೂನು, ವೈದ್ಯರಿಗೆ ಮತ್ತೊಂದು, ಚಿಕಿತ್ಸಾಲಯಕ್ಕೆ ಮಗದೊಂದು, ಗ್ರಾಹಕರ ರಕ್ಷಣೆಗೆ ಇನ್ನೊಂದು. ಜಾಹೀರಾತಿನ ಯಾವ ಸಾಲಿಗೆ ಯಾರು ಹೊಣೆ ಎಂಬುದನ್ನು ಅರಿತರೆ ಮಾತ್ರ ಓದುಗರಿಗೆ ಈ ನಿಯಮಗಳಿಂದ ಪ್ರಯೋಜನ.

ಚೀಟಿಯ ಔಷಧ ಎಂದರೇನು?

1945ರ ಔಷಧ ನಿಯಮಾವಳಿಯಲ್ಲಿ 'ಎಚ್' ಎಂಬ ಅನುಸೂಚಿ ಇದೆ. ಅದರಲ್ಲಿ ಹೆಸರಿಸಿದ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯ ಮೇಲೆ ಮಾತ್ರ ಚಿಲ್ಲರೆಯಾಗಿ ಮಾರತಕ್ಕದ್ದು. ಪೊಟ್ಟಣದ ಮೇಲೆ 'ಆರ್‌ಎಕ್ಸ್' ಗುರುತು ಹಾಗೂ ಎಚ್ಚರಿಕೆಯ ಬರಹ ಇರಬೇಕು. ಇನ್ನೂ ಬಿಗಿಯಾದ ನಿಗಾ ಬೇಕಾದವುಗಳಿಗೆ 'ಎಚ್1' ಮತ್ತು 'ಎಕ್ಸ್' ಅನುಸೂಚಿಗಳಿವೆ.

ಈ ಕಟ್ಟುಪಾಡು ಸುಮ್ಮನೆ ಬಂದುದಲ್ಲ. ನೆರಿಗೆ ನಿವಾರಣೆಗೆ ಬಳಸುವ ಬೊಟುಲಿನಂ ಟಾಕ್ಸಿನ್ ಮೂಲತಃ ಸ್ನಾಯುಗಳನ್ನು ಸಡಿಲಗೊಳಿಸುವ ಪ್ರಬಲ ಪದಾರ್ಥ. ಅಮೆರಿಕದಲ್ಲಿ ಅದಕ್ಕೆ 1989ರಲ್ಲಿ ಮೊದಲು ಅನುಮತಿ ದೊರೆತದ್ದು ಮೆಳ್ಳೆಗಣ್ಣು ಹಾಗೂ ಕಣ್ಣೆವೆಗಳ ಸೆಳೆತದ ಚಿಕಿತ್ಸೆಗೆ. ಹುಬ್ಬುಗಳ ನಡುವಿನ ಗೆರೆಗಳಿಗೆ ಬಳಸಲು ಅನುಮತಿ ಬಂದದ್ದು 2002ರಲ್ಲಿ. ಇದರ ಪರಿಣಾಮ ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳು ಮಾತ್ರ. ತಪ್ಪಾದ ಜಾಗಕ್ಕೆ ಚುಚ್ಚಿದರೆ ಕಣ್ಣಿನ ರೆಪ್ಪೆ ಜೋಲುಬೀಳಬಹುದು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಗರ್ಭಿಣಿ ಸೇವಿಸಿದರೆ ಶಿಶುವಿಗೆ ಗಂಭೀರ ಅಂಗವೈಕಲ್ಯ ಉಂಟಾಗಬಹುದು. ಬಣ್ಣ ತಿಳಿಯಾಗಲೆಂದು ತಿಂಗಳುಗಟ್ಟಲೆ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡವರ ಮುಖದ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲು ತಾಗಿದರೆ ಉರಿಯುವ ಸ್ಥಿತಿಗೆ ಬರುವುದು ಚರ್ಮವೈದ್ಯರಿಗೆ ಹೊಸತೇನಲ್ಲ. ದೀರ್ಘಕಾಲ ಇಂತಹ ಮುಲಾಮುಗಳು ಚೀಟಿಯಿಲ್ಲದೆಯೂ ದೊರೆಯುತ್ತಿದ್ದವು. ಚರ್ಮವೈದ್ಯರ ಒತ್ತಾಯದ ನಂತರ, 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಎಚ್ ಅನುಸೂಚಿಯ ಕಟ್ಟಿಗೆ ಒಳಪಡಿಸಿತು.

ಚೀಟಿ ಎಂದರೆ ಬರಿಯ ಕಾಗದದ ತುಂಡಲ್ಲ. ಪರೀಕ್ಷಿಸಿದ ವೈದ್ಯರು 'ನಿಮಗೆ ಇದು ಬೇಡ' ಎಂದು ಹೇಳಲು ಇರುವ ಅವಕಾಶವೇ ಅದರ ತಿರುಳು. ಮುಂಗಡ ಹಣ ಪಡೆದು, ರಿಯಾಯಿತಿಯ ಗಡುವು ತೋರಿಸಿ ಕರೆತಂದ ಗ್ರಾಹಕರಿಗೆ ಆ ಮಾತನ್ನು ಹೇಳುವುದು ಯಾವ ವೈದ್ಯರಿಗಾದರೂ ಕಷ್ಟ. ಚೀಟಿಯ ಔಷಧಗಳ ಜಾಹೀರಾತಿಗೆ ಕಡಿವಾಣ ಹಾಕುವ ಎಲ್ಲ ನಿಯಮಗಳ ಹಿಂದಿರುವುದು ಇದೇ ಕಾಳಜಿ.

ಔಷಧದ ಹೆಸರು ಮತ್ತು ರೋಗದ ಹೆಸರು

ಈ ವಿಷಯದಲ್ಲಿ ಅತ್ಯಂತ ಹಳೆಯ ಹಾಗೂ ಇಂದಿಗೂ ಮುಖ್ಯವಾದ ಕಾನೂನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಕಾಯ್ದೆ. ಇದರ ದೃಷ್ಟಿಯಲ್ಲಿ ಜಾಹೀರಾತು ಎಂದರೆ ಮುದ್ರಿತ ಪ್ರಕಟಣೆ ಮಾತ್ರವಲ್ಲ. ಕರಪತ್ರ, ಚೀಟಿ, ಹೊದಿಕೆ, ಬಾಯಿಮಾತಿನ ಘೋಷಣೆ, ಅಷ್ಟೇಕೆ ಬೆಳಕು, ಧ್ವನಿ, ಹೊಗೆಯ ಮೂಲಕ ಸಾರಿದ್ದೂ ಜಾಹೀರಾತೇ. 'ಔಷಧ' ಎಂಬ ಪದಕ್ಕೂ ವಿಶಾಲ ಅರ್ಥವಿದೆ. ಆಹಾರವನ್ನು ಹೊರತುಪಡಿಸಿ, ದೇಹದ ರಚನೆ ಅಥವಾ ಕಾರ್ಯದ ಮೇಲೆ ಪ್ರಭಾವ ಬೀರಲೆಂದು ಇರುವ ವಸ್ತುಗಳೂ ಅದರಲ್ಲಿ ಸೇರುತ್ತವೆ.

ಕಾಯ್ದೆಯ ಅನುಸೂಚಿಯಲ್ಲಿ 54 ರೋಗ ಹಾಗೂ ಸ್ಥಿತಿಗಳ ಪಟ್ಟಿಯಿದೆ. ಅವುಗಳನ್ನು ಗುಣಪಡಿಸುತ್ತದೆ ಎಂದು ಯಾವುದೇ ಔಷಧವನ್ನು ಸಾರ್ವಜನಿಕರಿಗೆ ಜಾಹೀರಾತು ಮಾಡುವಂತಿಲ್ಲ. ಬೊಜ್ಜು, ತೊನ್ನು, ಸ್ತ್ರೀಯರ ಎದೆಯ ಆಕಾರ, ವ್ಯಕ್ತಿಯ ಎತ್ತರ ಈ ಪಟ್ಟಿಯಲ್ಲಿವೆ ಎಂಬುದು ಸೌಂದರ್ಯ ಚಿಕಿತ್ಸಾಲಯಗಳಿಗೆ ಸಂಬಂಧಿಸಿದ ಸಂಗತಿ. ಅಂದರೆ ಬೊಜ್ಜಿಗೆ ಔಷಧ ಎಂಬ ಜಾಹೀರಾತು, ಆ ಔಷಧ ನಿಜವಾಗಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೂ ಮುನ್ನವೇ ನಿಷಿದ್ಧ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳಾದ ಟಿರ್ಜೆಪಟೈಡ್ ಹಾಗೂ ಸೆಮಾಗ್ಲುಟೈಡ್ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಎಪ್ಪತ್ತು ವರ್ಷ ಹಳೆಯ ಈ ಸಾಲಿಗೆ ಹೊಸ ಮಹತ್ವ ಬಂದಿದೆ.

ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ, ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆ ಎಂಬುದು ಕಾಯ್ದೆ ರೂಪಿಸಿದಾಗ ಗೊತ್ತುಪಡಿಸಿದ ಶಿಕ್ಷೆ. ಒಂದು ವಿನಾಯಿತಿಯೂ ಇದೆ. ನೋಂದಾಯಿತ ವೈದ್ಯರು ತಮ್ಮ ಕಟ್ಟಡದ ಮೇಲೆ 'ಇಲ್ಲಿ ಇಂತಹ ಕಾಯಿಲೆಗೆ ಚಿಕಿತ್ಸೆ ನೀಡಲಾಗುವುದು' ಎಂಬ ಫಲಕ ಹಾಕಬಹುದು.

ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಈ ಕಾಯ್ದೆಯನ್ನು ಪ್ರಶ್ನಿಸಿದ್ದ ಹಮ್‌ದರ್ದ್ ದವಾಖಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿ, ಇಂತಹ ವಾಣಿಜ್ಯ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಸಿಗದು ಎಂದಿತು. ಆದರೆ ಸರ್ಕಾರಕ್ಕೆ ಮಿತಿಯಿಲ್ಲದ ಅಧಿಕಾರ ನೀಡಿದ್ದ ಕೆಲವು ಅಂಶಗಳನ್ನು ರದ್ದುಪಡಿಸಿತು. ಅದಕ್ಕೆ ಅನುಗುಣವಾಗಿ 1963ರಲ್ಲಿ ತಿದ್ದುಪಡಿಯಾಯಿತು.

ಈ ಪಟ್ಟಿಯ ಕೊರತೆಯೂ ಸ್ಪಷ್ಟ. ಮೈಬಣ್ಣ, ಮೊಡವೆ, ನೆರಿಗೆ, ಕೂದಲು ಉದುರುವಿಕೆ 1954ರ 54ರಲ್ಲಿ ಸೇರಿಲ್ಲ. 2020ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪ್ರಕಟಿಸಿದ ಕರಡು ತಿದ್ದುಪಡಿಯು ಪಟ್ಟಿಯನ್ನು 78ಕ್ಕೆ ಏರಿಸಿ, ಮೈಬಣ್ಣವನ್ನೂ ಸೇರಿಸಿ, ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆ ಹಾಗೂ 10 ಲಕ್ಷ ರೂಪಾಯಿವರೆಗೆ ದಂಡ ಸೂಚಿಸಿತ್ತು. ಅದು ಕರಡಾಗಿಯೇ ಉಳಿಯಿತು.

ಇದರ ಜೊತೆಗೆ ಔಷಧ ನಿಯಮಾವಳಿಯಲ್ಲೂ ಎರಡು ಅಂಶಗಳಿವೆ. ಅದರ 'ಜೆ' ಅನುಸೂಚಿಯು ಬೋಳುತಲೆ, ಅಕಾಲ ನರೆ ಮುಂತಾದವನ್ನು ಗುಣಪಡಿಸುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳಬಾರದೆನ್ನುತ್ತದೆ. ಇನ್ನೊಂದು, 2015ರಲ್ಲಿ ಪರವಾನಗಿಯ ಷರತ್ತಾಗಿ ಸೇರಿದ್ದು: ಎಚ್, ಎಚ್1, ಎಕ್ಸ್ ಅನುಸೂಚಿಗಳ ಔಷಧಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಜಾಹೀರಾತು ಮಾಡುವಂತಿಲ್ಲ. ನಿಯಮ ಬಿಗಿಯಾದುದೇ. ಆದರೆ ಪರವಾನಗಿಯ ಷರತ್ತು ಕಟ್ಟುವುದು ಪರವಾನಗಿದಾರರನ್ನು, ಅಂದರೆ ಔಷಧ ಕಂಪನಿಗಳನ್ನು. ಅದೇ ಔಷಧವನ್ನು ಕೊಂಡು ಚುಚ್ಚುವ ಚಿಕಿತ್ಸಾಲಯ ಅದರ ಹೆಸರನ್ನು ದೊಡ್ಡಕ್ಷರಗಳಲ್ಲಿ ಸಾರಿದಾಗ ಈ ಷರತ್ತು ನೇರವಾಗಿ ತಾಗುವುದಿಲ್ಲ. ಆಗ ನೋಡಬೇಕಾದದ್ದು ಮುಂದಿನ ಕೊಂಡಿಯನ್ನು, ಅಂದರೆ ವೈದ್ಯರನ್ನು.

ವೈದ್ಯರ ಭಾವಚಿತ್ರ, ಗೆಳತಿಗೆ ರಿಯಾಯಿತಿ

ವೈದ್ಯರ ವೃತ್ತಿನಡತೆಗೆ ಆಧಾರ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಾವಳಿ. ಇದನ್ನು ಬದಲಿಸಲು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿಯನ್ನು ಪ್ರಕಟಿಸಿತಾದರೂ, ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದು ಹಳೆಯದನ್ನೇ ಮರಳಿ ಜಾರಿಗೆ ತಂದಿತು.

2002ರ ನಿಯಮಾವಳಿಯ ಪ್ರಕಾರ ರೋಗಿಗಳನ್ನು ನೇರವಾಗಿ ಅಥವಾ ಪರೋಕ್ಷವಾಗಿ ತಮ್ಮತ್ತ ಸೆಳೆಯುವುದು ಅನೈತಿಕ. ಪತ್ರಿಕೆಯಲ್ಲಿ ಔಪಚಾರಿಕ ಪ್ರಕಟಣೆ ನೀಡಲು ವೈದ್ಯರಿಗೆ ಏಳು ಸಂದರ್ಭಗಳಲ್ಲಿ ಮಾತ್ರ ಅವಕಾಶ. ವೃತ್ತಿ ಆರಂಭಿಸಿದಾಗ, ವೃತ್ತಿಯ ಬಗೆ ಬದಲಾದಾಗ, ವಿಳಾಸ ಬದಲಾದಾಗ, ತಾತ್ಕಾಲಿಕವಾಗಿ ಗೈರಾದಾಗ, ಮತ್ತೆ ಮರಳಿದಾಗ, ಇನ್ನೊಬ್ಬರ ವೃತ್ತಿಯನ್ನು ಮುಂದುವರಿಸಿದಾಗ ಹಾಗೂ ಶುಲ್ಕವನ್ನು ಸಾರ್ವಜನಿಕವಾಗಿ ತಿಳಿಸಲು. ವೈದ್ಯರು ನಡೆಸುವ ನರ್ಸಿಂಗ್ ಹೋಂನಂತಹ ಸಂಸ್ಥೆಯ ಜಾಹೀರಾತಿನಲ್ಲಿ ಸಂಸ್ಥೆಯ ಹೆಸರು, ದಾಖಲಿಸಿಕೊಳ್ಳುವ ರೋಗಿಗಳ ಬಗೆ, ಸೌಲಭ್ಯ, ಶುಲ್ಕ ಇವಿಷ್ಟನ್ನು ಮೀರಿ ಏನೂ ಇರಬಾರದು. ಫಲಕದಲ್ಲಿ ಅಥವಾ ಪತ್ರಶೀರ್ಷಿಕೆಯಲ್ಲಿ ತಮ್ಮ ಭಾವಚಿತ್ರ ಹಾಕಿಕೊಳ್ಳುವುದು ಸ್ವಯಂ ಪ್ರಚಾರವೆಂದು ಪರಿಗಣಿತ. ಯಾವುದೇ ಔಷಧವನ್ನು ತಮ್ಮ ಹೆಸರು, ಸಹಿ, ಚಿತ್ರದೊಂದಿಗೆ ಜಾಹೀರಾತಿಗಾಗಿ ಅನುಮೋದಿಸುವಂತಿಲ್ಲ.

ಗೆಳತಿಯನ್ನು ಕರೆತಂದವರಿಗೆ ರಿಯಾಯಿತಿ ಎಂಬ ಸಾಲಿಗೂ ಇಲ್ಲಿ ಉತ್ತರವಿದೆ. ರೋಗಿಯನ್ನು ಕಳುಹಿಸಿದ್ದಕ್ಕೆ ಅಥವಾ ದೊರಕಿಸಿಕೊಟ್ಟದ್ದಕ್ಕೆ ಪ್ರತಿಯಾಗಿ ಕಮಿಷನ್, ಉಡುಗೊರೆ, ಬೋನಸ್ ಕೊಡುವುದನ್ನೂ ಪಡೆಯುವುದನ್ನೂ ನಿಯಮಾವಳಿ ವೈದ್ಯರಿಗೆ ನಿಷೇಧಿಸುತ್ತದೆ. ರೋಗಿಯ ಗುರುತು ಸಿಗುವಂತೆ ಛಾಯಾಚಿತ್ರ ಪ್ರಕಟಿಸಲು ಆತನ ಅಥವಾ ಆಕೆಯ ಒಪ್ಪಿಗೆ ಬೇಕು.

ದೂರು ಬಂದರೆ ಆರು ತಿಂಗಳೊಳಗೆ ತೀರ್ಮಾನ ಕೈಗೊಳ್ಳಬೇಕೆಂಬುದು ಇದೇ ನಿಯಮಾವಳಿಯ ಮಾತು. ನಮ್ಮ ರಾಜ್ಯದಲ್ಲಿ ಆ ಅಧಿಕಾರ ಕರ್ನಾಟಕ ವೈದ್ಯಕೀಯ ಮಂಡಳಿಯದು. ಆದರೆ ಮಂಡಳಿಯ ಕೈ ನಿಲುಕುವುದು ತನ್ನಲ್ಲಿ ನೋಂದಾಯಿತರಾದ ವೈದ್ಯರವರೆಗೆ ಮಾತ್ರ. ಹತ್ತಾರು ಶಾಖೆಗಳುಳ್ಳ ಕಂಪನಿಯೊಂದು ತನ್ನ ಹೆಸರಿನಲ್ಲೇ ಜಾಹೀರಾತು ನೀಡಿ, ವೈದ್ಯರನ್ನು ಸಂಬಳಕ್ಕೆ ಇಟ್ಟುಕೊಂಡಿದ್ದರೆ ಆ ಕಂಪನಿಯ ಮೇಲೆ ಮಂಡಳಿ ಶಿಸ್ತುಕ್ರಮ ಜರುಗಿಸಲಾಗದು. ಒಬ್ಬಂಟಿ ವೈದ್ಯರಿಗೆ ಭಾವಚಿತ್ರವೂ ಅಪರಾಧ, ಕಂಪನಿಗೆ ಇಡೀ ಪುಟದ ಜಾಹೀರಾತೂ ಸಲೀಸು ಎಂಬ ವೈದ್ಯರ ಅಸಮಾಧಾನಕ್ಕೆ ಕಾರಣ ಇದೇ.

ಕಂಪನಿಗೂ ತಾಗುವ ಕಾನೂನು

ಈ ಬಿರುಕನ್ನು ಒಂದಷ್ಟು ಮುಚ್ಚುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರ ನವೆಂಬರ್‌ನಲ್ಲೇ, ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿತ್ತು. 2019ರ ಕಾಯ್ದೆಯಡಿ 2020ರ ಜುಲೈನಲ್ಲಿ ಅಸ್ತಿತ್ವಕ್ಕೆ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತನ್ನು ನಿಲ್ಲಿಸಲು ಆದೇಶಿಸಬಹುದು, 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಪ್ಪು ಮರುಕಳಿಸಿದರೆ ದಂಡ 50 ಲಕ್ಷದವರೆಗೆ. ಜಾಹೀರಾತಿನಲ್ಲಿ ಕಾಣಿಸಿಕೊಂಡ ತಾರೆಯರನ್ನು ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷದವರೆಗೆ ಅನುಮೋದನೆಯಿಂದ ದೂರವಿಡಬಹುದು. ಸುಳ್ಳು ಹೇಳುವುದು ಮಾತ್ರವಲ್ಲ, ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿತಪ್ಪಿಸುವಿಕೆಯೇ.

2022ರ ಜೂನ್ 9ರಂದು ಹೊರಬಂದ ಮಾರ್ಗಸೂಚಿಗಳಲ್ಲಿ ಕನ್ನಡ ಓದುಗರು ನೆನಪಿಡಬೇಕಾದ ಒಂದು ಸಾಲಿದೆ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತು, ವಿವರಣೆಯೂ ಅದೇ ಭಾಷೆಯಲ್ಲಿ, ಅದೇ ಅಕ್ಷರ ವಿನ್ಯಾಸದಲ್ಲಿ ಇರಬೇಕು. ಕನ್ನಡದಲ್ಲಿ 'ಖಚಿತ ಫಲಿತಾಂಶ' ಎಂದು ಸಾರಿ, ಕೆಳಗೆ ಇಂಗ್ಲಿಷಿನಲ್ಲಿ 'ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು' ಎಂದು ಪಿಸುಗುಟ್ಟುವುದು ನಿಯಮಕ್ಕೆ ವಿರುದ್ಧ. ಮೂಲ ಹೇಳಿಕೆಯನ್ನೇ ಅಲ್ಲಗಳೆಯುವ ಷರತ್ತಿಗೂ ಮಾನ್ಯತೆ ಇಲ್ಲ. ಕೊಡುವ ಉದ್ದೇಶವೇ ಇಲ್ಲದ ಕಡಿಮೆ ಬೆಲೆಯನ್ನು ತೋರಿಸಿ ಕರೆತರುವ ಗಾಳದ ಜಾಹೀರಾತಿಗೂ, ಮಕ್ಕಳಲ್ಲಿ ತಮ್ಮ ದೇಹದ ಬಗ್ಗೆ ಕೀಳರಿಮೆ ಬೆಳೆಸುವ ಜಾಹೀರಾತಿಗೂ ಮಾರ್ಗಸೂಚಿಗಳು ತಡೆಯೊಡ್ಡುತ್ತವೆ. ಆರೋಗ್ಯದ ಬಗ್ಗೆ ಸಾಮಾಜಿಕ ಜಾಲತಾಣಗಳಲ್ಲಿ ಸಲಹೆ ನೀಡುವವರಿಗೆ 2023ರ ಆಗಸ್ಟ್‌ನಲ್ಲಿ ಪ್ರತ್ಯೇಕ ಸೂಚನೆಗಳು ಬಂದವು. ತಾವು ಪ್ರಮಾಣಿತ ತಜ್ಞರೆ, ಹಣ ಪಡೆದು ಹೇಳುತ್ತಿದ್ದಾರೆಯೆ ಎಂಬುದನ್ನು ಅವರು ಸ್ಪಷ್ಟಪಡಿಸಬೇಕು.

ಇವೆಲ್ಲಕ್ಕೂ ಹೊರಗೆ, ಜಾಹೀರಾತು ಉದ್ಯಮವೇ 1985ರಲ್ಲಿ ಕಟ್ಟಿಕೊಂಡ ಭಾರತೀಯ ಜಾಹೀರಾತು ಮಾನಕ ಮಂಡಳಿ ಇದೆ. ಇದು ನ್ಯಾಯಾಲಯವಲ್ಲ, ಸ್ವಯಂ ನಿಯಂತ್ರಣ ಸಂಸ್ಥೆ. ಕಪ್ಪು ಮೈಬಣ್ಣದವರನ್ನು ದುಃಖಿಗಳಂತೆ, ಕೀಳಾದವರಂತೆ ಚಿತ್ರಿಸಬಾರದೆಂದು 2014ರಲ್ಲಿ ಅದು ನಿರ್ದೇಶಿಸಿತು. ಅದರ ಸಂಹಿತೆಯನ್ನು ಉಲ್ಲಂಘಿಸುವ ಜಾಹೀರಾತನ್ನು ಕೇಬಲ್ ಟಿ.ವಿ.ಯಲ್ಲಿ ಬಿತ್ತರಿಸಬಾರದೆಂಬ ನಿಯಮ 2006ರಿಂದ ಇದೆ.

ಚಿಕಿತ್ಸಾಲಯದ ನೋಂದಣಿ

ಜಾಹೀರಾತು ನೀಡಿದ ಜಾಗ ನಿಜಕ್ಕೂ ಚಿಕಿತ್ಸಾಲಯವೇ ಎಂಬುದು ಮತ್ತೊಂದು ಪ್ರಶ್ನೆ. ರಾಜ್ಯದಲ್ಲಿ ಪ್ರತಿಯೊಂದು ಖಾಸಗಿ ಚಿಕಿತ್ಸಾ ಕೇಂದ್ರವೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಪಡೆಯಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ನೋಂದಣಿ ನೀಡುತ್ತದೆ, ದೂರುಗಳನ್ನೂ ಆಲಿಸುತ್ತದೆ. ನೋಂದಣಿ ಸಂಖ್ಯೆಯುಳ್ಳ ಫಲಕವನ್ನು, ಅಲೋಪತಿಯಾದರೆ ನೀಲಿ, ಆಯುರ್ವೇದವಾದರೆ ಹಸಿರು ಬಣ್ಣದಲ್ಲಿ, ಎದ್ದು ಕಾಣುವಂತೆ ಹಾಕಬೇಕೆಂದು ಆರೋಗ್ಯ ಇಲಾಖೆ 2024ರಲ್ಲಿ ಸೂಚಿಸಿತು. ಬ್ಯೂಟಿ ಪಾರ್ಲರ್‌ಗೆ ಇರುವ ವ್ಯಾಪಾರ ಪರವಾನಗಿ ಚುಚ್ಚುಮದ್ದು ನೀಡಲು ಪರವಾನಗಿಯಾಗದು.

2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿ ಸಾವಿಗೀಡಾದಾಗ, ಯಾವ ನೋಂದಣಿ ಪಡೆದವರು ಯಾವ ಚಿಕಿತ್ಸೆ ನಡೆಸಬಹುದೆಂಬ ಚರ್ಚೆ ನಾಡಿನಾದ್ಯಂತ ನಡೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಕೂದಲು ಕಸಿಗೆ ಸಂಬಂಧಿಸಿ ಮಾರ್ಗಸೂಚಿ ಹೊರಡಿಸಿ, ಕಾರ್ಯಾಗಾರದಲ್ಲಿ ಕುಳಿತು ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ಸೌಂದರ್ಯ ಚಿಕಿತ್ಸೆ ನಡೆಸಲು ಸಾಕಾಗದು ಎಂದು ಹೇಳಬೇಕಾಯಿತು.

ಹೊರದೇಶಗಳಲ್ಲಿ

ಇದೇ ಸಮಸ್ಯೆಯನ್ನು ಬ್ರಿಟನ್ ಇನ್ನಷ್ಟು ಸರಳವಾಗಿ ಬಿಡಿಸಿದೆ. ಚೀಟಿಯ ಔಷಧವನ್ನು ಸಾರ್ವಜನಿಕರಿಗೆ ಜಾಹೀರಾತು ಮಾಡುವುದೇ ಅಲ್ಲಿ ನಿಷಿದ್ಧ, ಮಾಡುವವರು ಕಂಪನಿಯಾಗಲಿ, ಚಿಕಿತ್ಸಾಲಯವಾಗಲಿ, ಸಲೂನ್ ಆಗಲಿ. ನೆರಿಗೆಗಳ ಬಗ್ಗೆ 'ಸಮಾಲೋಚನೆ'ಗೆ ಕರೆಯಬಹುದು, ಔಷಧದ ಹೆಸರು ಹೇಳುವಂತಿಲ್ಲ. 2022ರ ಮೇ ತಿಂಗಳಿಂದ 18 ವರ್ಷದೊಳಗಿನವರನ್ನು ಗುರಿಯಾಗಿಸಿ ಸೌಂದರ್ಯ ಚಿಕಿತ್ಸೆಯ ಜಾಹೀರಾತು ನೀಡುವುದಕ್ಕೂ ಅಲ್ಲಿ ತಡೆಯಿದೆ. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2024ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬ್ರ್ಯಾಂಡ್ ಹೆಸರಿನ ಬದಲು 'ನೆರಿಗೆ ನಿವಾರಕ ಚುಚ್ಚುಮದ್ದು' ಎಂದರೂ ಅದು ಔಷಧದ ಜಾಹೀರಾತೇ ಎಂದು ಸ್ಪಷ್ಟಪಡಿಸಿದರು. ಅಮೆರಿಕ ಮತ್ತು ನ್ಯೂಜಿಲೆಂಡ್ ಮಾತ್ರ ಇದಕ್ಕೆ ವ್ಯತಿರಿಕ್ತವಾಗಿ ಇಂತಹ ಜಾಹೀರಾತಿಗೆ ಅವಕಾಶ ಕೊಟ್ಟಿವೆ. ಆ ಅಮೆರಿಕದಲ್ಲೂ ಬಿಳಿಚಿಸುವ ಯಾವುದೇ ಚುಚ್ಚುಮದ್ದಿಗೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅನುಮತಿ ನೀಡಿಲ್ಲ ಎಂಬುದನ್ನು, ಬಣ್ಣದ ಡ್ರಿಪ್‌ಗೆ ಹಣ ತೆರುವ ಮುನ್ನ ನೆನೆಯುವುದು ಒಳಿತು.

ಓದುಗರು ಮಾಡಬೇಕಾದದ್ದು

ಜಾಹೀರಾತು ನೋಡಿ ಚಿಕಿತ್ಸಾಲಯಕ್ಕೆ ಹೋದವರು ಮೊದಲು ಕೇಳಬೇಕಾದದ್ದು ಔಷಧದ ಹೆಸರು. ಪೊಟ್ಟಣವನ್ನು ಕಣ್ಣಾರೆ ನೋಡಿ, ಕೊನೆಯ ದಿನಾಂಕ ಪರಿಶೀಲಿಸಬೇಕು. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲೂ ಚೀಟಿಯಲ್ಲೂ ರಸೀದಿಯಲ್ಲೂ ನಮೂದಿಸಬೇಕೆಂಬುದು ನಿಯಮ. ಸಂಖ್ಯೆ ಕೇಳುವುದು ಅನುಮಾನವಲ್ಲ, ಹಕ್ಕು. ಪರೀಕ್ಷಿಸುವ ಮುನ್ನವೇ ಪ್ಯಾಕೇಜಿನ ಹಣ ಕೇಳಿದರೆ ಹಿಂದೆ ಸರಿಯುವುದು ಮೇಲು. ಜಾಹೀರಾತಿನ ಪ್ರತಿ ಅಥವಾ ಪರದೆಯ ಚಿತ್ರ, ರಸೀದಿ, ಚೀಟಿ, ಒಪ್ಪಿಗೆ ಪತ್ರದ ನಕಲು ಇವುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ದೂರಿಗೆ ದಾರಿಗಳು ಬೇರೆ ಬೇರೆ. ಔಷಧದ ಬಗೆಗಿನ ನಿಷಿದ್ಧ ಜಾಹೀರಾತಾದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ. 1954ರ ಕಾಯ್ದೆಯಡಿ ಬರುವ ದೂರುಗಳಿಗಾಗಿ ಎರಡು ತಿಂಗಳಲ್ಲಿ ವ್ಯವಸ್ಥೆ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತ್ತು. ವೈದ್ಯರ ನಡತೆಯಾದರೆ ಕರ್ನಾಟಕ ವೈದ್ಯಕೀಯ ಮಂಡಳಿಗೆ. ನೋಂದಣಿ ಇಲ್ಲದ ಚಿಕಿತ್ಸಾಲಯವಾದರೆ ಜಿಲ್ಲಾ ಪ್ರಾಧಿಕಾರಕ್ಕೆ. ದಾರಿತಪ್ಪಿಸುವ ಹೇಳಿಕೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಥವಾ ಜಾಹೀರಾತು ಮಾನಕ ಮಂಡಳಿಗೆ. ಹಣ ಕಳೆದುಕೊಂಡಿದ್ದರೆ, ದೇಹಕ್ಕೆ ಹಾನಿಯಾಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೇ ಇಲ್ಲ.

ಔಷಧ, ವೈದ್ಯ, ವ್ಯಾಪಾರ ಈ ಮೂರನ್ನೂ ಒಂದೇ ಜಾಹೀರಾತಿನಲ್ಲಿ ಬೆರೆಸುವುದು ಚಿಕಿತ್ಸಾಲಯಗಳಿಗೆ ಸುಲಭ. ಅವುಗಳನ್ನು ಬಿಡಿಬಿಡಿಯಾಗಿ ನೋಡುವ ಕಾನೂನುಗಳಿಗೆ ಬೆರಕೆಯನ್ನು ಹಿಡಿಯುವುದು ಕಷ್ಟ. ಬ್ರಿಟನ್ನಿನಂತೆ, ಜಾಹೀರಾತು ನೀಡಿದವರು ಯಾರೇ ಆಗಿರಲಿ ಚೀಟಿಯ ಔಷಧದ ಹೆಸರು ಹೇಳುವಂತಿಲ್ಲ ಎಂಬ ಒಂದು ಸಾಲು ನಮ್ಮ ಕಾನೂನಿನಲ್ಲಿ ಬರುವವರೆಗೆ ಈ ಬಿರುಕು ಉಳಿಯುತ್ತದೆ. ಅಲ್ಲಿಯವರೆಗೆ, 'ನಿಮಗೆ ಇದು ಬೇಡ' ಎನ್ನಬಲ್ಲ ವೈದ್ಯರನ್ನು ಹುಡುಕಿಕೊಂಡು ಹೋಗುವುದೇ ಓದುಗರಿಗಿರುವ ಉತ್ತಮ ರಕ್ಷಣೆ.